ಗಾಳಿ ದೋಣಿಯ ಪ್ಲೈವುಡ್ ನೆಲ ಬಗ್ಗುತ್ತಿದೆಯಾ? ಗರಗಸ ಹಿಡಿಯುವ ಮುನ್ನ ನೋಡಬೇಕಾದದ್ದು

ಗಾಳಿ ತುಂಬುವ ದೋಣಿಗೆ ಪ್ಲೈವುಡ್ ನೆಲ ಹಾಕಿದವರ ದೂರು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಮನೆ ಮುಂದೆ ಜೋಡಿಸಿದಾಗ ಕಲ್ಲಿನಂತೆ ಗಟ್ಟಿ ಇತ್ತು, ನೀರಿಗೆ ಇಳಿಸಿದ ಮೇಲೆ ಮೆತ್ತಗಾಯಿತು. ನಿಂತರೆ ಕಾಲ ಕೆಳಗೆ ಬಗ್ಗುತ್ತದೆ. ನಡುವಿನ ಜೋಡಣೆ ಮೇಲೆದ್ದು ಬರುತ್ತದೆ. ಹುಟ್ಟು ಹಾಕಿದಾಗಲೆಲ್ಲ ಕಿರ್ ಕಿರ್ ಸದ್ದು. ಜೊತೆಗಿದ್ದ ಗೆಳೆಯ ನಿಂತಲ್ಲೇ ತೀರ್ಪು ಕೊಟ್ಟುಬಿಡುತ್ತಾನೆ: "ಹಲಗಿ ತೆಳ್ಳಗಾತ್ ದೋಸ್ತಾ, ದಪ್ಪಂದ ತರಬೇಕಿತ್ತು."

ಆ ಮಾತು ಕೇಳಿ ಹುಬ್ಬಳ್ಳಿಗೆ ಹೋಗಿ 18 ಎಂಎಂ ಹಾಳೆ ಹೊತ್ತು ತರಬೇಡಿ. ಇಂಥ ದೋಷಗಳಲ್ಲಿ ಹಲಗೆಯ ತಪ್ಪು ಕಡಿಮೆ. ದೋಣಿಯ ನೆಲ ಗಟ್ಟಿಯಾಗಿ ನಿಲ್ಲುವುದು ಪ್ಲೈವುಡ್‌ನ ಬಲದಿಂದ ಮಾತ್ರ ಅಲ್ಲ. ಸುತ್ತಲಿನ ಟ್ಯೂಬ್ ಉಬ್ಬಿ ಹಲಗೆಗಳನ್ನು ನಾಲ್ಕೂ ಕಡೆಯಿಂದ ಬಿಗಿಯಾಗಿ ಹಿಡಿದಿರಬೇಕು. ಬಂಡಿ ಗಾಲಿಯ ಮರದ ತುಂಡುಗಳನ್ನು ಕಬ್ಬಿಣದ ಹಳಿ ಬಿಗಿದು ಹಿಡಿದ ಹಾಗೆ. ಹಳಿ ಸಡಿಲಾದರೆ ಎಂಥ ಗಟ್ಟಿ ಮರ ಹಾಕಿದರೂ ಗಾಲಿ ಲಟಲಟ ಅನ್ನುತ್ತದೆ. ಅದಕ್ಕೇ ದೋಷ ಹುಡುಕುವಾಗ ಮೊದಲು ಗಾಳಿ, ಆಮೇಲೆ ಜೋಡಿಸಿದ ಕ್ರಮ, ಆಮೇಲೆ ಅಳತೆ, ಕಡೆಗೆ ಮರ. ಈ ಸಾಲನ್ನು ತಿರುವುಮುರುವು ಮಾಡಿದರೆ ದುಡ್ಡು ದಂಡ.

ನಿಮ್ಮದು ಯಾವ ಜಾತಿಯ ದೋಣಿ?

ಇದನ್ನು ತಿಳಿಯದೆ ಮುಂದೆ ಹೋಗುವುದು ಬೇಡ. ಹಿಂದೆ ಮೋಟಾರು ಕೂರಿಸಲು ಗಟ್ಟಿ ಹಲಗೆ, ಅಂದರೆ ಟ್ರಾನ್ಸಮ್ ಇದ್ದು, ದಪ್ಪ ಬಟ್ಟೆಗೆ ಪಿವಿಸಿ ಅಥವಾ ರಬ್ಬರ್ ಲೇಪಿಸಿದ ದೋಣಿ ಒಂದು ಜಾತಿ. ಪ್ರವಾಹ ಬಂದಾಗ ರಕ್ಷಣಾ ತಂಡದವರು ತರುತ್ತಾರಲ್ಲ, ಆ ಥರದ್ದು. ಇದರ ಟ್ಯೂಬಿನಲ್ಲಿ ಸಾಮಾನ್ಯವಾಗಿ 3 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಗಾಳಿ ಇರಬೇಕು. ಮರದ ನೆಲಕ್ಕೆಂದೇ ಮಾಡಿದ ದೋಣಿ ಇದು.

ಇನ್ನೊಂದು ಜಾತಿ, ಆನ್‌ಲೈನಿನಲ್ಲಿ ತರಿಸುವ ಅಗ್ಗದ ಪಿವಿಸಿ ದೋಣಿ. ಒಳಗೆ ಬಟ್ಟೆ ಇಲ್ಲ, ಬರೀ ದಪ್ಪ ಪ್ಲಾಸ್ಟಿಕ್ ಹಾಳೆ. ನೆಲವೂ ಗಾಳಿಯದ್ದೇ. ಅದರಲ್ಲಿ ನಿಂತು ಗಾಳ ಹಾಕಲು ಆಗುವುದಿಲ್ಲ ಅಂತ ನಾವು ಪ್ಲೈ ಕತ್ತರಿಸಿ ಹಾಕುತ್ತೇವೆ. ಇದರ ಟ್ಯೂಬಿಗೆ ಅಷ್ಟೊಂದು ಗಾಳಿ ತಡೆಯುವ ಶಕ್ತಿ ಇಲ್ಲ. ಎಷ್ಟು ತುಂಬಬಹುದು ಅಂತ ಕವಾಟದ ಹತ್ತಿರ ಅಚ್ಚು ಹಾಕಿರುತ್ತಾರೆ, ಅದನ್ನು ಮೀರಬಾರದು. ನೆಲ ಬಿಗಿಯಾಗಲಿ ಅಂತ ಜಾಸ್ತಿ ಗಾಳಿ ಹೊಡೆದರೆ ಹೊಲಿಗೆ ಬಿಡುತ್ತದೆ. ಈ ದೋಣಿಯಲ್ಲಿ ಟ್ಯೂಬಿನ ಹಿಡಿತ ಕಡಿಮೆ ಅಂತ ಒಪ್ಪಿಕೊಂಡೇ ಹಲಗೆಯ ಕೆಲಸ ಮಾಡಬೇಕು.

ಗಾಳಿ: ಬಹುತೇಕ ದೂರುಗಳು ಇಲ್ಲೇ ಮುಗಿಯುತ್ತವೆ

ಹೆಬ್ಬೆರಳಿನಿಂದ ಒತ್ತಿ "ಸಾಕು, ಗಟ್ಟಿ ಇದೆ" ಅನ್ನುವುದು ಲೆಕ್ಕಕ್ಕಿಲ್ಲ. ಬೆರಳಿಗೆ 2 ಪಿಎಸ್ಐಗೂ 3 ಪಿಎಸ್ಐಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಲಗೆಗೆ ಗೊತ್ತಾಗುತ್ತದೆ. ಬೈಕಿನ ಟೈರಿಗೆ ಹಿಡಿಯುವ ಮೀಟರೂ ಬೇಡ. ಅದು ಮೂವತ್ತು ನಲವತ್ತು ಪಿಎಸ್ಐ ಅಳೆಯಲು ಮಾಡಿದ್ದು, 3ರ ಹತ್ತಿರ ಅದರ ಮುಳ್ಳು ಅಲುಗಿದರೆ ಪುಣ್ಯ. ದೋಣಿಯ ಕವಾಟಕ್ಕೆ ಕೂರುವ ಕಡಿಮೆ ಒತ್ತಡದ ಮೀಟರ್ ಒಂದನ್ನು ಕೊಳ್ಳಿ. ಒಂದು ಹಾಳೆ ಪ್ಲೈವುಡ್‌ಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ವಿದ್ಯುತ್ ಪಂಪ್ ಬಳಸುತ್ತಿದ್ದೀರಾ? ಹಾಸಿಗೆ ಉಬ್ಬಿಸುವ ಜಾತಿಯದಾದರೆ ಅದು ದೋಣಿಯ ಆಕಾರ ಬರುವಷ್ಟು ತುಂಬುತ್ತದೆ, ಅಷ್ಟೇ. ಪಂಪ್ ಗುಂಯ್ ಅನ್ನುತ್ತಲೇ ಇರುತ್ತದೆ, ಒತ್ತಡ 1 ಪಿಎಸ್ಐ ದಾಟುವುದಿಲ್ಲ. ಉಳಿದದ್ದನ್ನು ಕಾಲಿನ ಪಂಪಿನಿಂದಲೇ ಮುಗಿಸಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕಡೆ ಮಾತ್ರ ಹೋಗಬೇಡಿ. ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗಿನ ತಡೆಗೋಡೆ ಹರಿಯುತ್ತದೆ, ಅದನ್ನು ಸರಿ ಮಾಡಲು ಆಗುವುದಿಲ್ಲ.

ತಡೆಗೋಡೆ ಅಂದೆನಲ್ಲ. ಟ್ಯೂಬ್ ಹೊರಗಿಂದ ಒಂದೇ ಥರ ಕಂಡರೂ ಒಳಗೆ ಎರಡು ಮೂರು ಕೋಣೆಗಳಿರುತ್ತವೆ. ಒಂದನ್ನು ಪೂರ್ತಿ ತುಂಬಿ ಇನ್ನೊಂದಕ್ಕೆ ಹೋದರೆ ನಡುವಿನ ಗೋಡೆ ಒಂದು ಕಡೆ ಉಬ್ಬಿ ನಿಲ್ಲುತ್ತದೆ. ಎಲ್ಲ ಕೋಣೆಗೂ ಸ್ವಲ್ಪ ಸ್ವಲ್ಪ ಹಾಕುತ್ತಾ ಸುತ್ತು ಬನ್ನಿ. ಕೊನೆಯಲ್ಲಿ ಎಲ್ಲದರ ಅಳತೆಯನ್ನೂ ಮತ್ತೊಮ್ಮೆ ನೋಡಿ. ಮೊದಲು ತುಂಬಿದ ಕೋಣೆಯ ಅಂಕಿ ಬದಲಾಗಿರುತ್ತದೆ.

ಈಗ ಮುಖ್ಯ ದೂರಿಗೆ ಬರೋಣ. ದಡದಲ್ಲಿ ಗಟ್ಟಿ, ನೀರಲ್ಲಿ ಮೆತ್ತಗೆ.

ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ಹೇಗಿರುತ್ತದೆ ಅಂತ ಗದಗಿನವರಿಗೂ ಹಾವೇರಿಯವರಿಗೂ ಹೇಳಬೇಕಾಗಿಲ್ಲ. 40 ಡಿಗ್ರಿ ಬಿಸಿಯಲ್ಲಿ ಟ್ಯೂಬಿಗೆ ಸರಿಯಾಗಿ 3 ಪಿಎಸ್ಐ ತುಂಬಿದ್ದೀರಿ ಅಂದುಕೊಳ್ಳಿ. ನದಿಯ ನೀರು 25 ಡಿಗ್ರಿ. ದೋಣಿ ನೀರಿಗೆ ಇಳಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಗಾಳಿ ಪೂರ್ತಿ 25ಕ್ಕೆ ಇಳಿದರೆ ಒತ್ತಡ ಸುಮಾರು 2.2 ಪಿಎಸ್ಐಗೆ ಬರುತ್ತದೆ. ಎಲ್ಲೂ ತೂತಿಲ್ಲ, ಸೋರಿಲ್ಲ, ಆದರೂ ಕಾಲು ಭಾಗದಷ್ಟು ಬಿಗಿ ಮಾಯ! ಹಲಗೆ ಸಡಿಲಾಗುತ್ತದೆ, ಜೋಡಣೆ ಆಡುತ್ತದೆ, ಗೆಳೆಯ ತೀರ್ಪು ಕೊಡುತ್ತಾನೆ.

ಇದನ್ನು ಸೋರಿಕೆಯಿಂದ ಬೇರ್ಪಡಿಸುವುದು ಸುಲಭ. ದೋಣಿಯನ್ನು ದಡದ ಪಕ್ಕ ನೀರಿಗೆ ಬಿಟ್ಟು ಇಪ್ಪತ್ತು ನಿಮಿಷ ಕಾಯಿರಿ. ಅಲ್ಲೇ ಮತ್ತೆ 3ಕ್ಕೆ ತುಂಬಿ. ಇನ್ನೂ ಅರ್ಧ ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. ಅಂಕಿ ನಿಂತಿದ್ದರೆ ಅದು ಬರೀ ತಂಪಿನ ಆಟ. ಇಳಿಯುತ್ತಲೇ ಇದ್ದರೆ ಸೋರಿಕೆ. ಹೊಸ ಪಿವಿಸಿ ದೋಣಿ ಮೊದಮೊದಲು ತುಂಬಿದಾಗ ಸ್ವಲ್ಪ ಹಿಗ್ಗುತ್ತದೆ, ಅದನ್ನು ಸೋರಿಕೆ ಅಂತ ಎಣಿಸಬೇಡಿ. ಸೋರಿಕೆಯೇ ಆಗಿದ್ದರೆ ಮೊದಲು ಕವಾಟಕ್ಕೆ ಸಾಬೂನು ನೀರು ಹಚ್ಚಿ. ಒಂದೇ ಒಂದು ಉಸುಕಿನ ಕಾಳು ಅಲ್ಲಿ ಕೂತಿದ್ದರೂ ಗಾಳಿ ಹೋಗುತ್ತಿರುತ್ತದೆ. ಹೊಲಿಗೆಗಳ ಕಡೆ ಆಮೇಲೆ ಹೋಗಿ.

ಇದರ ಉಲ್ಟಾ ಪಾಠವೂ ಇದೆ. ನೀರಿನಲ್ಲಿ 3ಕ್ಕೆ ತುಂಬಿದ ದೋಣಿಯನ್ನು ಊಟದ ಹೊತ್ತಿಗೆ ದಡಕ್ಕೆ ಎಳೆದು ಬಿಸಿಲಲ್ಲಿ ಬಿಟ್ಟು ಹೋಗಬೇಡಿ. ಒಳಗಿನ ಗಾಳಿ 55 ಡಿಗ್ರಿಗೆ ಕಾದರೆ ಒತ್ತಡ 4.5 ದಾಟುತ್ತದೆ. ಆಗ ಹಲಗೆಯ ಅಂಚು ಟ್ಯೂಬನ್ನು ಕೊರೆಯಲು ಶುರು ಮಾಡುತ್ತದೆ. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಿ.

ಜೋಡಣೆ ಮೇಲೆದ್ದು ಬರುತ್ತಿದ್ದರೆ

ಗಾಳಿ ಸರಿ ಇದೆ, ಆದರೂ ನಡುವೆ ಗೂನು. ಇಲ್ಲಿ ನೋಡಬೇಕಾದದ್ದು ನೀವು ಯಾವುದನ್ನು ಯಾವಾಗ ಮಾಡಿದಿರಿ ಅನ್ನುವುದು. ಮೊದಲ ಜಾತಿಯ ದೋಣಿಯಲ್ಲಿ ಕ್ರಮ ಹೀಗೆ. ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ. ಮೂತಿಯ ಹಲಗೆಯನ್ನು ಮುಂದಕ್ಕೆ ಪೂರ್ತಿ ನೂಕಬೇಕು. ಹಿಂದಿನ ಹಲಗೆಯನ್ನು ಟ್ರಾನ್ಸಮ್‌ಗೆ ತಾಗಿಸಬೇಕು. ನಡುವಿನ ಎರಡು ಹಲಗೆಗಳನ್ನು ಗುಡಿಸಲಿನ ಮಾಡಿನ ಹಾಗೆ ಎತ್ತಿ ನಿಲ್ಲಿಸಿ ಕಾಲಿನಿಂದ ತುಳಿದು ಕೂರಿಸಬೇಕು. ಆಮೇಲೆ ಎರಡೂ ಬದಿಗೆ ಉದ್ದ ಪಟ್ಟಿಗಳು. ಆಮೇಲೆ ಟ್ಯೂಬಿಗೆ ಪೂರ್ತಿ ಗಾಳಿ. ತಳದ ನಡುವೆ ಕೀಲ್ ಅನ್ನುವ ಉದ್ದನೆಯ ಗಾಳಿಚೀಲ ಇದ್ದರೆ ಅದಕ್ಕೆ ಎಲ್ಲಕ್ಕಿಂತ ಕೊನೆಗೆ.

ಗೂನು ಬರುವುದಕ್ಕೆ ನಾನು ಮೊದಲು ಅನುಮಾನಿಸುವುದು ಕೀಲನ್ನೇ. ಅದನ್ನು ಮೊದಲೇ ತುಂಬಿದರೆ ಕೆಳಗಿನಿಂದ ಹಲಗೆಯನ್ನು ಎತ್ತುತ್ತದೆ. ಅದರ ಗಾಳಿ ಪೂರ್ತಿ ಬಿಟ್ಟು ನೋಡಿ. ಗೂನು ಇಳಿಯಿತಾ? ಹಾಗಾದರೆ ಹಲಗೆಗೆ ಕೈ ಹಚ್ಚುವ ಅಗತ್ಯವೇ ಇಲ್ಲ. ಇಳಿಯಲಿಲ್ಲ ಅಂದರೆ ಹಲಗೆಗಳ ಒಟ್ಟು ಉದ್ದ ಜಾಸ್ತಿಯಾಗಿದೆ. ಗೂನಿನ ಬದಲು ಜೋಡಣೆಯಲ್ಲಿ ಬಿರುಕು ಬಿಟ್ಟಿದ್ದರೆ ಉದ್ದ ಕಡಿಮೆಯಾಗಿದೆ. ದೋಣಿ ಒಂದೇ ಕಡೆ ಎಳೆಯುತ್ತಿದ್ದರೂ ಕೀಲ್ ನೋಡಿ. ಅದು ನಡುಗೆರೆಯಿಂದ ಸರಿದು ಕೂತಿರುತ್ತದೆ. ತಳದ ಬಟ್ಟೆಯ ಮೇಲೂ ಹಲಗೆಗಳ ಮೇಲೂ ನಡುವಿಗೆ ಒಂದು ಗೆರೆ ಎಳೆದುಕೊಂಡರೆ ಪ್ರತಿ ಸಲ ಹೊಂದಿಸುವುದು ಸುಲಭ.

ಹಲಗೆಗಳ ನಡುವೆ ಹಾಕುವ ಅಲ್ಯುಮಿನಿಯಂ ಎಚ್ ಸೆಕ್ಷನ್, ಅಂದರೆ ಎರಡು ಹಲಗೆಗಳ ಅಂಚು ಎರಡು ಕಡೆಯಿಂದ ಒಳಗೆ ಕೂರುವ H ಆಕಾರದ ಪಟ್ಟಿ, ಅದರ ಬಗ್ಗೆ ಒಂದು ಮಾತು. 12 ಎಂಎಂ ಅಂತ ಮಾರುವ ಪ್ಲೈ ಕರಾರುವಾಕ್ಕಾಗಿ 12 ಇರುವುದಿಲ್ಲ. ಅದಕ್ಕೆ ಎಪಾಕ್ಸಿ (ನೀರು ತಡೆಯುವ ಗಟ್ಟಿ ರಾಳ) ಲೇಪನ ಸೇರಿದರೆ ದಪ್ಪ ಬೇರೆಯೇ ಆಗುತ್ತದೆ. ಬಿಗಿ ಜಾಸ್ತಿಯಾದರೆ ಹಲಗೆ ಪೂರ್ತಿ ಒಳಗೆ ಹೋಗದೆ ಉದ್ದ ಹೆಚ್ಚಿ ಗೂನು ಬರುತ್ತದೆ. ಸಡಿಲಾದರೆ ಕಿರ್ ಕಿರ್ ಸದ್ದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯೋ ಮತ್ತೆಲ್ಲೋ ಸೆಕ್ಷನ್ ಕತ್ತರಿಸಿ ಕೊಡುವಲ್ಲಿಗೆ ಹೋಗುವಾಗ ಬಾಯಲ್ಲಿ ಅಳತೆ ಹೇಳಬೇಡಿ. ಲೇಪನ ಒಣಗಿದ ಪ್ಲೈ ತುಂಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಲ್ಲೇ ಕೂರಿಸಿ ನೋಡಿ.

ಎರಡನೇ ಜಾತಿಯ ದೋಣಿಗೆ ಹಲವರು ಬಾಗಿಲಿನ ಬಿಜಾಗರಿ ಹಾಕಿ ಮಡಚುವ ನೆಲ ಮಾಡುತ್ತಾರೆ. ನೋಡಲು ಚೆಂದ. ಆದರೆ ಬಿಜಾಗರಿ ಮೇಲಿದ್ದರೆ ಜೋಡಣೆಯ ಮೇಲೆ ಕಾಲಿಟ್ಟ ಕೂಡಲೇ ಕೆಳಗಿನ ಅಂಚುಗಳು ಬಾಯಿ ಬಿಟ್ಟು ನೆಲ ಕೆಳಕ್ಕೆ ಮಡಚಿಕೊಳ್ಳುತ್ತದೆ. ಬಿಜಾಗರಿ ಕೆಳಗಿದ್ದರೆ ಮೇಲಿನ ಅಂಚುಗಳು ಒಂದಕ್ಕೊಂದು ಒತ್ತಿಕೊಂಡು ನೆಲ ತಡೆಯುತ್ತದೆ, ಆದರೆ ಕಬ್ಬಿಣ ತಳವನ್ನು ಉಜ್ಜುತ್ತದೆ. ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಿಜಾಗರಿ ಬಿಚ್ಚಿ, ಜೋಡಣೆಯನ್ನು ದಾಟಿ ಹೋಗುವಂತೆ ಎರಡೂ ಬದಿಗೆ ಮೇಲಿನಿಂದ ಉದ್ದನೆಯ ಅಲ್ಯುಮಿನಿಯಂ ಪಟ್ಟಿ ಹಾಕಿ. ಸ್ಟೀಲ್ ಬೋಲ್ಟಿನ ತಲೆ ಹಲಗೆಯ ಅಡಿಗೆ ಮಟ್ಟಸವಾಗಿ ಕೂರಲಿ, ಅದರ ಮೇಲೆ ದಪ್ಪ ಟೇಪು ಬರಲಿ. ಮೇಲಿನಿಂದ ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಸಾಕು.

ಅಳತೆ

ಅಳತೆಯ ದೋಷದ ಮೂಲ ಒಂದೇ. ಅರೆಬರೆ ಉಬ್ಬಿದ ದೋಣಿಯೊಳಗೆ ಕುಳಿತು ರಟ್ಟಿನ ಮಾದರಿ ಕತ್ತರಿಸುವುದು. ಟ್ಯೂಬ್ ಪೂರ್ತಿ ಉಬ್ಬಿದಾಗ ಒಳಗಿನ ಜಾಗ ಕಿರಿದಾಗುತ್ತದೆ. ಆಗ ಹಲಗೆ ಟ್ಯೂಬಿನ ಇಳಿಜಾರಿನ ಮೇಲೆ ಹತ್ತಿ ಕೂರುತ್ತದೆ, ಕೆಳಗೆ ಪೊಳ್ಳು ಉಳಿಯುತ್ತದೆ. ತುಳಿದರೆ ಡಬ್ ಡಬ್ ಸದ್ದು ಬರುತ್ತದೆ, ಎರಡೂ ಕೊನೆ ಸೀ-ಸಾ ಹಲಗೆಯಂತೆ ಏರಿಳಿಯುತ್ತವೆ. ಇದಕ್ಕೆ ಮದ್ದು, ದೋಣಿಗೆ ಪೂರ್ತಿ ಗಾಳಿ ತುಂಬಿ ಹೊಸ ಮಾದರಿ ತೆಗೆಯುವುದು. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಹಲಗೆಯನ್ನು ಒಮ್ಮೆಗೇ ಕತ್ತರಿಸಬೇಡಿ. ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ರಂದಾ ಹೊಡೆದು, ಪ್ರತಿ ಸಲ ಕೂರಿಸಿ ನೋಡಿ.

ಕಿರಿದಾಗಿ ಕತ್ತರಿಸಿದ್ದರೆ ಹೊಸ ಹಾಳೆ ತರಬೇಕು ಅಂತ ಗಾಬರಿ ಬೀಳಬೇಡಿ. ತೋಟಕ್ಕೆ ನೀರು ಬಿಡುವ ಮೆತ್ತನೆಯ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿ. ಪ್ರತಿ ಬದಿಗೂ ಮೂರು ನಾಲ್ಕು ಎಂಎಂ ಸಿಗುತ್ತದೆ. ಟ್ಯೂಬಿಗೂ ಅದರಿಂದ ಒಳ್ಳೆಯದೇ. ಇನ್ನೂ ಜಾಸ್ತಿ ಬೇಕಿದ್ದರೆ ಎಸಿ ಪೈಪಿಗೆ ತೊಡಿಸುವ ಕಪ್ಪು ಫೋಮ್ ಇದೆಯಲ್ಲ, ಅದು.

ನೆಲ ಹಾಕಿದ ಮೇಲೆ ದೋಣಿ ಸೋರುತ್ತಿದ್ದರೆ

ತೇಪೆ ಹಚ್ಚುವ ಮುನ್ನ ತೂತಿನ ಆಕಾರ ನೋಡಿ, ಅದೇ ಕಾರಣ ಹೇಳುತ್ತದೆ. ಉದ್ದ ಗೀರಿನಂತೆ ಸವೆದಿದ್ದರೆ ಹಲಗೆಯ ಅಂಚು ಗುಂಡಗಿಲ್ಲ. ಚುಕ್ಕಿಯಂಥ ತೂತಾದರೆ ಸ್ಕ್ರೂವಿನ ಮೊನೆ ಅಥವಾ ಕಲ್ಲು. ಅಂಗೈ ಅಗಲ ಮಬ್ಬಾಗಿ ಉಜ್ಜಿದಂತಿದ್ದರೆ ಉಸುಕು. ಗಳಗನಾಥದ ಹತ್ತಿರ ವರದಾ ತುಂಗಭದ್ರೆಯನ್ನು ಸೇರುವ ಕಡೆಯೆಲ್ಲ ಇಳಿಯುವವರ ಕಾಲಿಗೆ ಅಂಟಿಕೊಂಡೇ ಉಸುಕು ದೋಣಿಯೊಳಗೆ ಬರುತ್ತದೆ, ನೇರವಾಗಿ ಹಲಗೆಯ ಅಡಿಗೆ ಹೋಗಿ ಕೂರುತ್ತದೆ. ಮೇಲೆ ನಾವು ತುಳಿಯುತ್ತೇವೆ, ಅದು ಕೆಳಗೆ ಎಮ್ರಿ ಪೇಪರ್ ಕೆಲಸ ಮಾಡುತ್ತಿರುತ್ತದೆ.

ಹಲಗೆಯನ್ನು ಮತ್ತೆ ಅದೇ ಜಾಗದಲ್ಲಿಟ್ಟು ತೂತಿನ ಮೇಲೆ ಏನು ಬರುತ್ತದೆ ಅಂತ ಗುರುತು ಮಾಡಿ. ಆ ಜಾಗ ಸರಿ ಮಾಡದೆ ತೇಪೆ ಹಾಕಿದರೆ ತೇಪೆಯೂ ಸವೆಯುತ್ತದೆ. ಅಂಚುಗಳನ್ನು ಬೆರಳು ಸವರಿದರೆ ಎಲ್ಲೂ ತಡೆಯದಷ್ಟು ಗುಂಡು ಮಾಡಿ. ಮೂಲೆಗಳನ್ನು ಇನ್ನೂ ಜಾಸ್ತಿ. ಹಲಗೆಯ ಅಡಿಗೆ ಹಳೆಯ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ ಹಾಸಬಹುದು. ಊರ ತುಂಬ ನೇತಾಡುವ ಹುಟ್ಟುಹಬ್ಬದ ಶುಭಾಶಯಗಳಿಗೆ ಕಡೆಗೂ ಒಂದು ಉಪಯೋಗ! ಆದರೆ ಅದು ಉಸುಕನ್ನು ತಡೆಯುವುದಿಲ್ಲ. ಪ್ರತಿ ಸಲವೂ ಹಲಗೆ ತೆಗೆದು ತೊಳೆಯಲೇಬೇಕು.

ತೇಪೆಗೆ ಸೈಕಲ್ ಟ್ಯೂಬಿನ ಸಲ್ಯೂಷನ್ ನಡೆಯುವುದಿಲ್ಲ. ಅದು ರಬ್ಬರಿಗೆ ಮಾಡಿದ್ದು, ಪಿವಿಸಿ ಮೇಲೆ ಎದ್ದು ಬರುತ್ತದೆ. ನಿಮ್ಮ ದೋಣಿ ಯಾವುದರದ್ದು ಅಂತ ಗೊತ್ತಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಅಸಿಟೋನ್ ಹಚ್ಚಿ ಉಜ್ಜಿ. ಅಂಟಂಟಾದರೆ ಪಿವಿಸಿ. ಅದಕ್ಕೆ ಎರಡು ಭಾಗ ಬೆರೆಸುವ ಪಿವಿಸಿ ಅಂಟೇ ಬೇಕು.

ಕೊನೆಗೂ ಮರ

ಗಾಳಿ, ಕ್ರಮ, ಅಳತೆ ಎಲ್ಲ ಸರಿ ಇದ್ದೂ ನೆಲ ಬಗ್ಗುತ್ತಿದ್ದರೆ ಈಗ ಪ್ಲೈವುಡ್ ಮೇಲೆ ಅನುಮಾನ ಪಡಬಹುದು. ಒಂದು ರೂಪಾಯಿ ನಾಣ್ಯದಿಂದ ಹಲಗೆಯನ್ನು ಅಡಿಯಿಂದ ಮುಡಿಯವರೆಗೆ ತಟ್ಟುತ್ತಾ ಹೋಗಿ. ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಕಡೆ ಬೊಬ್ ಅಂದರೆ ಅಲ್ಲಿ ಪದರ ಬಿಟ್ಟಿದೆ. ಅಂಚಿನಲ್ಲಿ ಕಪ್ಪಾಗಿ ಉಬ್ಬಿರುವ ಕಡೆ ದಬ್ಬಳದಿಂದ ಚುಚ್ಚಿ. ಸಲೀಸಾಗಿ ಇಳಿದರೆ ಕೊಳೆತಿದೆ. ನೀರು ಮೊದಲು ಹೋಗುವುದು ಕತ್ತರಿಸಿದ ಅಂಚಿನಿಂದ ಮತ್ತು ಸ್ಕ್ರೂ ತೂತುಗಳಿಂದ. ಮೇಲ್ಮೈಗೆ ಎಷ್ಟು ಬಣ್ಣ ಬಳಿದರೂ ಅವೆರಡನ್ನು ಬಿಟ್ಟರೆ ವ್ಯರ್ಥ.

ಹಲಗೆ ಬಟ್ಟಲಿನಂತೆ ಸೊಟ್ಟಗಾಗಿದ್ದರೆ ಅಡಿಭಾಗ ನೋಡಿ. ಮೇಲೆ ಮಾತ್ರ ವಾರ್ನಿಷ್ ಹೊಡೆದು ಕೆಳಗೆ ಹಾಗೇ ಬಿಟ್ಟಿದ್ದರೆ ಒಂದು ಮುಖ ನೀರು ಕುಡಿದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ. ಎರಡೂ ಮುಖಕ್ಕೂ ಸಮವಾಗಿ ಎರಡು ಮೂರು ಸಲ ಎಪಾಕ್ಸಿ, ಅಂಚಿಗೆ ಒಂದು ಕೈ ಜಾಸ್ತಿ. ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ, ಮೇಲೆ ವಾರ್ನಿಷ್ ಅಥವಾ ಬಣ್ಣ ಬೇಕು.

ಹೊಸ ಹಾಳೆ ಕೊಳ್ಳುವಾಗ ಅಂಗಡಿಯಲ್ಲಿ "ವಾಟರ್‌ಪ್ರೂಫ್ ಐತ್ರಿ ಸರ, ಏನೂ ಆಗಂಗಿಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅಡುಗೆಮನೆ ಕಪಾಟಿಗೆ ಅದು ನಿಜವೇ. ನಿಮಗೆ ಬೇಕಾದದ್ದು ಐಎಸ್ 710 ಅಂತ ಅಚ್ಚು ಇರುವ ಮರೈನ್ ಪ್ಲೈ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಮನೆಯಲ್ಲಿ ಅಷ್ಟು ಹೊತ್ತು ಆಗದು. ಕತ್ತರಿಸಿ ಉಳಿದ ಚೂರನ್ನು ಹಳೆ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ. ಅಷ್ಟಕ್ಕೇ ಪದರ ಬಿಚ್ಚಿದರೆ ಆ ಹಾಳೆಯನ್ನು ದೋಣಿಗೆ ಹಾಕಬೇಡಿ.

ದಪ್ಪದ ವಿಷಯ. ಹಲಗೆಯ ಬಿಗಿ, ಅಂದರೆ ಬಗ್ಗದೆ ನಿಲ್ಲುವ ಗುಣ, ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಏರುತ್ತದೆ. 9 ಎಂಎಂ ಬದಲು 12 ಎಂಎಂ ಹಾಕಿದರೆ ಬಿಗಿ ಸುಮಾರು 2.4 ಪಟ್ಟು, ತೂಕ ಮೂರನೇ ಒಂದು ಭಾಗ ಮಾತ್ರ ಹೆಚ್ಚು. ಹಾಗಾಗಿ 9ರಿಂದ 12ಕ್ಕೆ ಹೋಗುವುದರಲ್ಲಿ ಅರ್ಥವಿದೆ. 18ಕ್ಕೆ ಹೋದರೆ ನೆಲ ಗಟ್ಟಿಯಾಗುತ್ತದೆ ನಿಜ, ದೋಣಿ ಹೊರಲು ಇನ್ನೊಬ್ಬ ಆಳು ಬೇಕಾಗುತ್ತದೆ. ದಪ್ಪಕ್ಕಿಂತ ಮೊದಲು ಮೇಲ್ಪದರದ ಎಳೆಯ ದಿಕ್ಕು ನೋಡಿ. ಹಲಗೆಗೆ ಆಸರೆ ಎರಡು ಬದಿಯ ಟ್ಯೂಬು. ಅಡ್ಡ ತುಂಡುಗಳಾದರೆ ಎಳೆ ಒಂದು ಟ್ಯೂಬಿನಿಂದ ಇನ್ನೊಂದು ಟ್ಯೂಬಿನ ಕಡೆಗೆ ಹೋಗಬೇಕು. ಹಾಳೆ ಉಳಿಸಲು ಬಡಿಗ ಅಡ್ಡಾದಿಡ್ಡಿ ಕತ್ತರಿಸಿದ್ದರೆ, ಅದೇ ದಪ್ಪದಲ್ಲೂ ಒಂದು ಹಲಗೆ ಮಾತ್ರ ಬಗ್ಗುತ್ತಿರುತ್ತದೆ.

ಸರಿ ಮಾಡಿದ ನೆಲವನ್ನು ಮೊದಲು ಮೊಣಕಾಲುದ್ದ, ನಿಂತ ನೀರಿನಲ್ಲಿ ನೋಡಿ, ಲೈಫ್ ಜಾಕೆಟ್ ಹಾಕಿಕೊಂಡೇ. ಕೆರೆಯಾದರೆ ಅದನ್ನು ನೋಡಿಕೊಳ್ಳುವವರ ಅನುಮತಿ ಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಾತ್ರ ದೋಣಿ ಒಯ್ಯುವ ಯೋಚನೆಯೇ ಬೇಡ, ಅದು ಚಳಿಗಾಲದ ಬಾತುಗಳ ಜಾಗ. ಮಳೆಗಾಲದ ವರದೆ, ತುಂಗಭದ್ರೆಯಲ್ಲಿ ಪರೀಕ್ಷೆ ಮಾಡುವುದಂತೂ ಹುಚ್ಚುತನ.

ಹಲಗೆ ಕೊಳೆತೇ ಹೋಗಿದ್ದರೆ ಎಸೆಯುವ ಮುನ್ನ ಹೊಸ ಹಾಳೆಯ ಮೇಲಿಟ್ಟು ಗೀಟು ಎಳೆದುಕೊಳ್ಳಿ. ಉಬ್ಬಿದ ಅಂಚಿನ ಕಡೆ ಎರಡು ಮೂರು ಎಂಎಂ ಒಳಗೆ ಎಳೆಯಿರಿ. ಯಾವುದು ಮೂತಿಯದು, ಯಾವ ಮುಖ ಮೇಲೆ ಅಂತ ಎಲ್ಲ ತುಂಡಿಗೂ ಬರೆದಿಡಿ.